ನಾಲ್ಕು ಮಿತ್ರದೇಶಗಳೂ ಒಂದು ಮಂಜಿಯೂ

‘ವ್ಯಾಪಾರ ಮತ್ತು ಭದ್ರತೆ’ ಎಂದು ಬರೆಯಬೇಕೋ, ‘ಭದ್ರತೆ ಮತ್ತು ವ್ಯಾಪಾರ’ ಎಂದು ಬರೆಯಬೇಕೋ ಎಂದು ತೀರ್ಮಾನಿಸುವುದಕ್ಕೆ ಅವರಿಗೆ ಒಂದೂವರೆ ದಿನ ಹಿಡಿಯಿತು. ಉತ್ಪ್ರೇಕ್ಷೆಯ ಮಾತಲ್ಲ. ಆ ವಾಕ್ಯವನ್ನು ಪ್ರತಿ ಸಲವೂ ಹೊಸ ಹಾಳೆಯಲ್ಲಿ, ಐದೈದು ಕಾರ್ಬನ್ ಇಟ್ಟು ಟೈಪ್ ಮಾಡಿದವಳು ನಾನೇ. ಬೆಳಿಗ್ಗೆ ವ್ಯಾಪಾರ ಮೊದಲಿತ್ತು. ಊಟದ ಹೊತ್ತಿಗೆ ಭದ್ರತೆ ಮುಂದೆ ಬಂತು. ಸಂಜೆ ಚಹಾ ಕುಡಿದ ಮೇಲೆ ಯಾರೋ ಒಬ್ಬರಿಗೆ ‘ಮತ್ತು’ ಎನ್ನುವುದೇ ಅನುಮಾನಾಸ್ಪದವಾಗಿ ಕಂಡಿತು.

ಐವತ್ತರ ದಶಕದ ನಡುವಿನ ಮಾತು. ಮುಂಬಯಿಯ ಕೋಟೆ ಭಾಗದಲ್ಲಿ, ಬಂದರಿಗೆ ಹತ್ತಿರದ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ನಮ್ಮ ಕಚೇರಿಯಿತ್ತು. ಕಡಲ ವ್ಯಾಪಾರಕ್ಕೆ ಸಂಬಂಧಪಟ್ಟ ಸರ್ಕಾರಿ ಕಚೇರಿ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಶಾರ್ಟ್‌ಹ್ಯಾಂಡ್ ಕಲಿತು, ಸಾಂತಾಕ್ರೂಜ್‌ನಲ್ಲಿದ್ದ ಅಣ್ಣ ಅತ್ತಿಗೆಯರ ಮನೆಗೆ ಬಂದು ಸೇರಿದ್ದೆ. ಬೆಳಿಗ್ಗೆ ಲೋಕಲ್ ಹಿಡಿದು ಚರ್ಚ್‌ಗೇಟ್, ಅಲ್ಲಿಂದ ನಡಿಗೆ. ಕೈ ಸ್ವಲ್ಪ ಚುರುಕು ಎಂಬ ಒಂದೇ ಕಾರಣಕ್ಕೆ ಆ ಏಪ್ರಿಲ್‌ನಲ್ಲಿ ನನ್ನನ್ನು ನಾಲ್ಕು ಮಿತ್ರದೇಶಗಳ ಸಮಾಲೋಚನಾ ಸಭೆಯಲ್ಲಿ ಮಾತು ಬರೆದುಕೊಳ್ಳಲು ಕೂರಿಸಿದರು.

ನಾಲ್ಕೂ ದೇಶಗಳು ಚುನಾವಣೆ ನಡೆಸಿ ಸರ್ಕಾರ ಮಾಡಿಕೊಂಡ ದೇಶಗಳು. ಒಂದು ನಮ್ಮದು. ಒಂದು ನಮ್ಮ ದಕ್ಷಿಣದ ದ್ವೀಪರಾಷ್ಟ್ರ. ಇನ್ನೊಂದು ಭೂಮಿಯ ಕೆಳತುದಿಯಲ್ಲಿರುವ, ಉಣ್ಣೆ ಗೋಧಿಗೆ ಹೆಸರಾದ ದೊಡ್ಡ ದೇಶ. ನಾಲ್ಕನೆಯದು ಕೆಲವೇ ವರ್ಷಗಳ ಹಿಂದೆ ನಮ್ಮನ್ನು ಆಳಿ ಹೋದದ್ದು. ಅದರ ಪ್ರತಿನಿಧಿ ಹೆಚ್ಚು ಮಾತಾಡುತ್ತಿರಲಿಲ್ಲ, ಎಲ್ಲದಕ್ಕೂ ‘ಪರಿಶೀಲಿಸಬಹುದು’ ಎನ್ನುತ್ತಿದ್ದರು. ಈ ನಾಲ್ವರೂ ಕೂಡಿ ಹಿಂದೂ ಮಹಾಸಾಗರದಲ್ಲಿ ವ್ಯಾಪಾರ ಸರಾಗವಾಗುವಂತೆ, ಕಳ್ಳಸಾಗಣೆ ನಿಲ್ಲುವಂತೆ, ಕರಾವಳಿ ಕಾವಲು ಒಬ್ಬರಿಗೊಬ್ಬರು ತಿಳಿಸಿಕೊಂಡು ನಡೆಯುವಂತೆ ಏರ್ಪಾಡು ಮಾಡಬೇಕು. ಉದ್ದೇಶದಲ್ಲಿ ಏನೂ ತಪ್ಪಿರಲಿಲ್ಲ. ಅದನ್ನು ಈಗಲೂ ಹೇಳುತ್ತೇನೆ. ತಪ್ಪಿದ್ದದ್ದು ಅವರು ಅದನ್ನು ಮಾಡುತ್ತಿದ್ದ ರೀತಿಯಲ್ಲಿ.

ನಮ್ಮ ವಿಭಾಗದಲ್ಲೇ ಉಡುಪಿ ಕಡೆಯ ಒಬ್ಬ ಗುಮಾಸ್ತರಿದ್ದರು. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವರು. ಕೋಟೆಯ ನೈಟ್ ಸ್ಕೂಲಿನಲ್ಲಿ ಓದಿ ಮೆಟ್ರಿಕ್ ಮಾಡಿಕೊಂಡವರು. ಸಭೆಯ ಕೋಣೆ, ಕುರ್ಚಿ, ಕಾಗದ, ಚಹಾ ಇವುಗಳ ವ್ಯವಸ್ಥೆ ಅವರದು. ಯಾವಾಗಲೂ ಏನಾದರೊಂದು ತಮಾಷೆ ಮಾಡುತ್ತಿದ್ದ ಮನುಷ್ಯ ಸಭೆಯ ಮೊದಲ ದಿನ ಮುಖ ಊದಿಸಿಕೊಂಡು ಓಡಾಡುತ್ತಿದ್ದರು. ಊಟದ ಬಿಡುವಿನಲ್ಲಿ ಡಬ್ಬಿ ತೆರೆಯದೆ ಕೂತಿದ್ದನ್ನು ನೋಡಿ ಕೇಳಿದೆ.

“ಏನ್ರೀ, ಹುಷಾರಿಲ್ವಾ?”

“ನನಗೆ ಎಂತ ಆಗುದು ಅಕ್ಕಾ. ಅಪ್ಪನನ್ನು ಹಿಡಿದಿಟ್ಟಿದ್ದಾರೆ.”

“ಯಾರು?”

ಅವರು ಸಭೆಯ ಕೋಣೆಯ ಕಡೆ ಗದ್ದ ಎತ್ತಿ ತೋರಿಸಿದರು. “ಅಲ್ಲಿ ಸೂಪು ಕುಡೀತಿದ್ದಾರಲ್ಲ, ಅವರು. ನಾಲ್ಕೂ ಜನ ಸೇರಿ.”

ಅವರ ತಂದೆ ತಂಡೇಲ, ಅಂದರೆ ಹಾಯಿಹಡಗಿನ ಮುಖ್ಯಸ್ಥ. ಕರಾವಳಿಯಲ್ಲಿ ಸರಕು ಸಾಗಿಸುವ ದೊಡ್ಡ ಹಾಯಿಹಡಗಿಗೆ ಮಂಜಿ ಎನ್ನುತ್ತಾರೆ. ಮಂಗಳೂರಿನಿಂದ ಹಂಚು ತುಂಬಿಕೊಂಡು ಆ ದ್ವೀಪರಾಷ್ಟ್ರಕ್ಕೆ ಹೋಗುವುದು, ಅಲ್ಲಿಂದ ಕೊಬ್ಬರಿ ತುಂಬಿಕೊಂಡು ಬರುವುದು ಅವರ ತಾತನ ಕಾಲದಿಂದ ನಡೆದು ಬಂದ ಕಸುಬು. ಹೋದ ವರ್ಷ ಇದೇ ನಾಲ್ಕು ದೇಶಗಳು ಬೇರೆ ಊರಿನಲ್ಲಿ ಸಭೆ ಸೇರಿ, ಇನ್ನು ಮೇಲೆ ಹಾಯಿಹಡಗುಗಳೆಲ್ಲ ತಮ್ಮಲ್ಲಿರುವ ಜನ ಯಾರು, ಸರಕು ಏನು ಎಂದು ತೋರಿಸುವ ಒಂದೇ ನಮೂನೆಯ ರಹದಾರಿ ಪತ್ರ ಇಟ್ಟುಕೊಂಡಿರಬೇಕು ಎಂದು ಒಪ್ಪಿಕೊಂಡಿದ್ದವು. ಆ ಪತ್ರ ಹೇಗಿರಬೇಕು, ಯಾರು ಕೊಡಬೇಕು ಎನ್ನುವುದನ್ನು ಮುಂದಿನ ಸಭೆಗೆ ಬಿಟ್ಟಿದ್ದವು. ಆ ಮುಂದಿನ ಸಭೆಯೇ ಇದು. ಈ ನಡುವೆ ದ್ವೀಪದ ಕರಾವಳಿ ಕಾವಲಿನವರು ಒಪ್ಪಂದದ ಮೊದಲರ್ಧವನ್ನು ಶ್ರದ್ಧೆಯಿಂದ ಜಾರಿಗೆ ತಂದಿದ್ದರು. ಭೂಮಿಯ ಮೇಲೆ ಯಾರ ಹತ್ತಿರವೂ ಇಲ್ಲದ, ಇನ್ನೂ ಹುಟ್ಟಿಯೇ ಇಲ್ಲದ ಪತ್ರವನ್ನು ಕೇಳಿದರು. ತಂಡೇಲನ ಹತ್ತಿರ ಅದಿರಲಿಲ್ಲ. ಕೊಬ್ಬರಿ ತುಂಬಿ ವಾಪಸು ಹೊರಟಿದ್ದ ಮಂಜಿಯನ್ನೂ ಅದರ ಜನರನ್ನೂ ಬಂದರಿನಲ್ಲೇ ತಡೆದರು. ಯಾರೋ ಪರಿಚಯದ ವ್ಯಾಪಾರಿ ಮಗನಿಗೆ ತಂತಿ ಕಳಿಸಿದ್ದರು.

“ಜೈಲಿಗೆ ಹಾಕಿಲ್ಲ ಅಂತೆ. ಮಂಜಿಯಲ್ಲೇ ಇರಿ, ಬಂದರು ಬಿಟ್ಟು ಹೋಗಬೇಡಿ ಅಂತ ಹೇಳಿದ್ದಂತೆ,” ಎಂದರು ಗುಮಾಸ್ತರು. “ಆದ್ರೆ ಮಳೆಗಾಲ ಬಂತಲ್ಲ ಅಕ್ಕಾ. ಜೂನ್ ಒಳಗೆ ಹೊರಡದಿದ್ರೆ ಮಂಜಿ ನಾಲ್ಕು ತಿಂಗಳು ಆ ಬಯಲು ಬಂದರಿನಲ್ಲೇ. ಅಲೆ ಹೊಡೆದು ಹೊಡೆದು ಹಲಗೆ ಹಲಗೆ ಬಿಟ್ಟುಕೊಳ್ತದೆ.”

“ಸಾಹೇಬ್ರಿಗೆ ಹೇಳಿದ್ರಾ?”

“ಹೇಳದೆ ಇರ್ತೇನಾ!”

ಸಾಹೇಬರು ಎಂದರೆ ನಮ್ಮ ದೇಶದ ಪರವಾಗಿ ಸಭೆಯಲ್ಲಿ ಕೂರುವ ಹಿರಿಯ ಅಧಿಕಾರಿ, ದೆಹಲಿಯಿಂದ ಬಂದವರು. ಕೆಟ್ಟವರಲ್ಲ. ಆದರೆ ಯಾವ ಮಾತಿಗೂ ಮೊದಲು ಅದು ಎಷ್ಟನೆಯ ವಿಷಯ ಎಂದು ಕೇಳುವವರು. ಗುಮಾಸ್ತರಿಗೆ ಅವರು ಸಮಾಧಾನವಾಗಿಯೇ ಹೇಳಿದ್ದರಂತೆ: ರಹದಾರಿ ಪತ್ರದ ನಮೂನೆ ಕೊನೆಯ ವಿಷಯವಾಗಿ ಚರ್ಚೆಗೆ ಬರುತ್ತದೆ, ತಡೆದಿರುವ ಮಂಜಿ ಪ್ರತ್ಯೇಕ ಪ್ರಕರಣ, ಅದು ವಿಷಯಪಟ್ಟಿಯಲ್ಲಿಲ್ಲ.

ಮರುದಿನದಿಂದ ಆ ಸಭೆಯಲ್ಲಿ ಕೂರುವುದು ನನಗೆ ಹಲ್ಲುನೋವಿನಂತಾಯಿತು. ಮೊದಲು ಬರಿಯ ಬೇಸರವಿತ್ತು, ಈಗ ಸಿಟ್ಟು. ಪ್ರತಿಯೊಬ್ಬರೂ ಎದ್ದು ನಿಂತು ನಮ್ಮ ನಡುವಿನ ಸ್ನೇಹ ಸಾಗರದಷ್ಟು ಆಳವಾದದ್ದು ಎನ್ನುತ್ತಿದ್ದರು. ಆ ಸಾಗರದ ದಡದಲ್ಲೇ ತಂಡೇಲ ಕೂತಿದ್ದ. ದೇಶಗಳ ಹೆಸರು ಅಕ್ಷರಮಾಲೆಯ ಕ್ರಮದಲ್ಲಿ ಬರಬೇಕೋ, ಸಭೆ ಕರೆದವರ ಹೆಸರು ಮೊದಲು ಬರಬೇಕೋ ಎಂದು ಒಂದು ಬೆಳಗು ಹೋಯಿತು. ಉಣ್ಣೆಯ ಸುಂಕದ ಬಗ್ಗೆ ಒಂದು ಮಧ್ಯಾಹ್ನ. ಆಗ ಮುಂಬಯಿಯಲ್ಲಿ ಪಾನನಿಷೇಧ ಕಟ್ಟುನಿಟ್ಟಾಗಿತ್ತು. ಹೊರದೇಶದ ಅತಿಥಿಗಳಿಗೆ ಸಂಜೆ ಒಂದು ಲೋಟ ಕುಡಿಯುವುದಕ್ಕೂ ಪರ್ಮಿಟ್ ಬೇಕು. ಆ ಪರ್ಮಿಟ್‌ಗಳು ಮಾತ್ರ ಅರ್ಧ ದಿನದಲ್ಲಿ ತಯಾರಾಗಿ, ರುಜು ಬಿದ್ದು, ಅವರ ಹೋಟೆಲಿಗೆ ತಲುಪಿದವು. ಒಯ್ದು ಕೊಟ್ಟವರು ನಮ್ಮ ಗುಮಾಸ್ತರೇ. ವಾಪಸು ಬಂದು ನನ್ನ ಮೇಜಿನ ಪಕ್ಕ ನಿಂತು, “ಕುಡಿಯುವವರಿಗೆ ಕಾಗದ ಸಿಕ್ಕಿತು ನೋಡಿ ಮಾರಾಯ್ರೆ,” ಎಂದು ಹೇಳಿ ಹೋದರು.

ಮನೆಯಲ್ಲೂ ನನ್ನ ಸಿಟ್ಟು ಇಳಿಯಲಿಲ್ಲ. ಅಣ್ಣ ಪತ್ರಿಕೆ ಓದುತ್ತಾ, “ನಿಮ್ಮ ಸಭೆ ಬಹಳ ಸೌಹಾರ್ದದಿಂದ ನಡೀತಿದೆಯಂತೆ,” ಎಂದ. ನಾನು ಸಾರಿನ ಪಾತ್ರೆಯನ್ನು ಇಡುವ ಕಡೆ ಕುಕ್ಕಿದೆ. ಅತ್ತಿಗೆ, “ಅದ್ಯಾಕೆ ಪಾತ್ರೆ ಮೇಲೆ ತೋರಿಸ್ತೀಯಾ, ಹೋಗಿ ಅವರಿಗೇ ಹೇಳು,” ಎಂದರು. ಅತ್ತಿಗೆ ಇದನ್ನು ತಮಾಷೆಗೆ ಹೇಳಿದ್ದರು.

ಕೊನೆಗೆ ರಹದಾರಿ ಪತ್ರದ ವಿಷಯ ಬಂತು. ಅಧ್ಯಕ್ಷತೆ ಆ ದಿನ ಉಣ್ಣೆ ಗೋಧಿಯ ದೊಡ್ಡ ದೇಶದವರದು. ಕೆಂಪು ಮುಖದ, ಎತ್ತರದ ಮುದುಕರು. ಮುಂಬಯಿಯ ಸೆಕೆಗೆ ಸೋತು ಕೊರಳಪಟ್ಟಿ ಸಡಿಲಿಸಿಕೊಂಡಿದ್ದರು. ಕಾಗದ ಎಷ್ಟು ಉದ್ದ, ಎಷ್ಟು ಅಗಲ ಎಂಬಲ್ಲಿಂದ ಚರ್ಚೆ ಆರಂಭವಾಯಿತು. ಎಷ್ಟು ಭಾಷೆಯಲ್ಲಿರಬೇಕು? ನಾವಿಕರ ಫೋಟೋ ಬೇಕೇ, ಹೆಬ್ಬೆಟ್ಟು ಸಾಕೇ? ಹಾಯಿಹಡಗು ಎಂದರೆ ಶ್ರೀಮಂತರು ಮೋಜಿಗೆ ಇಟ್ಟುಕೊಳ್ಳುವ ಹಾಯಿದೋಣಿಗಳೂ ಸೇರುತ್ತವೆಯೇ? ಈ ಕೊನೆಯ ಪ್ರಶ್ನೆಯ ಮೇಲೆ ಅವರು ಬಹಳ ಹೊತ್ತು ತೇಲಿದರು. ಗೋಡೆಯ ಬದಿಯಲ್ಲಿ ನೀರಿನ ಜಗ್ಗಿನ ಪಕ್ಕ ಗುಮಾಸ್ತರು ಕೈಕಟ್ಟಿ ನಿಂತಿದ್ದರು.

ಆಗ ಅಧ್ಯಕ್ಷರು, “ಹೋದ ವರ್ಷ ನಾವು ನಿಖರವಾಗಿ ಏನು ಒಪ್ಪಿದ್ದೆವು? ದಯವಿಟ್ಟು ಓದಿ,” ಎಂದು ನನ್ನ ಕಡೆ ತಿರುಗಿದರು.

ನಾನು ಎದ್ದು ಓದಿದೆ. ಓದಿ ಮುಗಿದ ಮೇಲೆ ಕೂರಬೇಕಿತ್ತು. ಕೂರಲಿಲ್ಲ. ನನ್ನ ಇಂಗ್ಲಿಷ್ ಮಾತು ಎಂದೂ ಅಷ್ಟು ಸಲೀಸಲ್ಲ, ಆದರೆ ಆವತ್ತು ಬಾಯಿಗೆ ಬಂತು.

“ಸರ್, ಈ ಪತ್ರ ಇಲ್ಲವೆಂದು ಈಗಾಗಲೇ ಒಂದು ಮಂಜಿಯನ್ನು ತಡೆದಿದ್ದಾರೆ. ಅದರ ತಂಡೇಲನ ಮಗ ಈ ಕೋಣೆಯಲ್ಲೇ ಇದ್ದಾರೆ. ನಿಮಗೆ ದಿನವೂ ಚಹಾ ತರಿಸಿಕೊಡುತ್ತಿರುವವರು ಅವರೇ.”

ಸಾಹೇಬರ ಮುಖ ಕಪ್ಪಿಟ್ಟಿತು. “ಮಿಸ್, ನಿಮ್ಮನ್ನು ಕರೆಸಿದ್ದು ಬರೆದುಕೊಳ್ಳುವುದಕ್ಕೆ,” ಎಂದರು. ನಾನು ಕೂತೆ. ಸತ್ಯ ಹೇಳಬೇಕೆಂದರೆ, ಹೇಳಿಬಿಟ್ಟೆನಲ್ಲ ಎಂದು ಹಾಯೆನಿಸಿತು.

ದ್ವೀಪರಾಷ್ಟ್ರದ ಪ್ರತಿನಿಧಿ ನಿಧಾನದ, ಸಜ್ಜನ ಮನುಷ್ಯ. ತಮಗೆ ಈ ಸುದ್ದಿಯೇ ತಿಳಿದಿರಲಿಲ್ಲ ಎಂದರು. ಚಹಾದ ಬಿಡುವಿನಲ್ಲಿ ತಾವೇ ಎದ್ದು ಗುಮಾಸ್ತರ ಹತ್ತಿರ ಹೋಗಿ, ತಂದೆಯ ವಯಸ್ಸೆಷ್ಟು, ಮಂಜಿಯಲ್ಲಿ ಎಷ್ಟು ಜನ, ಯಾವ ಬಂದರು ಎಂದು ವಿಚಾರಿಸಿದರು. ಅವರ ಊರಿನ ಮನೆಯ ಮಾಡಿಗೂ ಮಂಗಳೂರು ಹಂಚೇ ಅಂತೆ. ಇನ್ನೇನು, ಇವತ್ತೇ ತಂತಿ ಹೋಗುತ್ತದೆ, ನಾಳೆಯೇ ಮಂಜಿ ಹೊರಡುತ್ತದೆ ಎಂದು ನಾನೂ ಗುಮಾಸ್ತರೂ ಮುಖ ಮುಖ ನೋಡಿಕೊಂಡೆವು.

ಎಷ್ಟು ಮೂರ್ಖರು ನಾವು! ನಿಜವಾದ ತೊಡಕು ಅಲ್ಲಿಂದ ಮುಂದೆ.

ದ್ವೀಪದವರು ಹೇಳಿದರು: “ಬಿಡಿಸಲು ನಮ್ಮ ಅಭ್ಯಂತರವಿಲ್ಲ. ನಿಮ್ಮ ಕಡೆಯಿಂದ ಒಂದು ಕೋರಿಕೆ ಬರಲಿ.”

ನಮ್ಮ ಸಾಹೇಬರು ಹೇಳಿದರು: “ಕೋರಿಕೆ ಹೇಗೆ ಕೊಡುವುದು? ಪತ್ರದ ನಮೂನೆಯೇ ತೀರ್ಮಾನವಾಗಿಲ್ಲ, ಆದ್ದರಿಂದ ನಿಯಮ ಇನ್ನೂ ಜಾರಿಗೆ ಬಂದಿಲ್ಲ. ನಾವು ಕೋರಿದರೆ ತಡೆದದ್ದು ಸರಿ ಎಂದು ಒಪ್ಪಿದಂತಾಗುತ್ತದೆ. ನೀವಾಗಿಯೇ ಬಿಡಿ.”

“ನಾವಾಗಿಯೇ ಬಿಟ್ಟರೆ ತಡೆದದ್ದು ತಪ್ಪು ಎಂದು ನಾವು ಒಪ್ಪಿದಂತಾಗುತ್ತದಲ್ಲ.”

ಮಂಜಿ ಹೊರಡಬೇಕು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಬಾಗಿಲ ಹೊರಗೆ ಇಬ್ಬರೂ ಒಂದೇ ಬೆಂಕಿಕಡ್ಡಿಯಲ್ಲಿ ಸಿಗರೇಟು ಹಚ್ಚಿಕೊಂಡು ಇದೇ ಮಾತನ್ನು ನಗುನಗುತ್ತಾ ಆಡಿದರು. ಒಳಗೆ ಬಂದು ಕೂತೊಡನೆ ಒಬ್ಬರು ಕೋರುವಂತಿಲ್ಲ, ಇನ್ನೊಬ್ಬರು ಬಿಡುವಂತಿಲ್ಲ. ಹಿಂದೆ ನಮ್ಮನ್ನು ಆಳಿದ ದೇಶದವರು ಇದನ್ನು ಪರಿಶೀಲಿಸಬಹುದು ಎಂದರು. ಜಗಳವಾಡುವ ದೇಶಗಳಾಗಿದ್ದರೆ ಯಾರ ಮೇಲಾದರೂ ಕೋಪಿಸಿಕೊಳ್ಳಬಹುದಿತ್ತು. ಇಷ್ಟು ಒಳ್ಳೆಯ ಸ್ನೇಹಿತರ ಮೇಲೆ ಏನೆಂದು ಕೋಪಿಸಿಕೊಳ್ಳುವುದು?

ಸಂಜೆ ಗುಮಾಸ್ತರು ಮೆಟ್ಟಿಲ ಮೇಲೆ ಸಿಕ್ಕಿದರು. “ನೀವು ಹೇಳದಿದ್ರೇ ಒಳ್ಳೆದಿತ್ತೋ ಏನೋ ಅಕ್ಕಾ. ಮೊದಲು ಅಪ್ಪ ಬರೇ ಸಿಕ್ಕಿಬಿದ್ದಿದ್ರು. ಈಗ ಎರಡು ದೇಶದ ಮರ್ಯಾದೆ ಆಗಿಬಿಟ್ರು.”

“ಹಾಗಂದ್ರೆ ಹೇಗ್ರೀ? ಸುಮ್ನಿದ್ದಿದ್ರೆ ಬಿಟ್ಬಿಡ್ತಿದ್ರಾ?”

“ಇಲ್ಲ, ಅದೂ ಇಲ್ಲ,” ಎಂದು ಅವರು ತಲೆ ಕೆರೆದುಕೊಂಡರು. “ಎಂತ ಮಾಡುದು ಹೇಳಿ.”

ಮರುದಿನ ದಾರಿ ಹುಡುಕಿದವರು ಆ ಕೆಂಪು ಮುಖದ ಅಧ್ಯಕ್ಷರು. ಅವರಿಗೂ ನಮ್ಮಷ್ಟೇ ಬೇಸರ ಬಂದಿತ್ತೆಂದು ಕಾಣುತ್ತದೆ. “ಮಹನೀಯರೇ, ಯಾರೂ ಕೋರಬೇಡಿ, ಯಾರೂ ಬಿಡಬೇಡಿ,” ಎಂದರು. “ಈ ಸಭೆಗೆ ಮೊದಲೇ ತಮ್ಮ ದೇಶದ ಬಂದರು ಬಿಟ್ಟ ಹಡಗುಗಳನ್ನೆಲ್ಲ ಪತ್ರ ಇರುವ ಹಡಗುಗಳೆಂದೇ ಭಾವಿಸತಕ್ಕದ್ದು ಎಂದು ಒಂದು ಸಾಲು ಬರೆದುಬಿಡೋಣ.” ಎಲ್ಲರ ಮುಖವೂ ಅರಳಿತು. ಯಾರ ಮರ್ಯಾದೆಯೂ ಹೋಗುವುದಿಲ್ಲ! ನಾನು ಆ ಸಾಲನ್ನು ಬರೆದುಕೊಳ್ಳುತ್ತಿರುವಾಗಲೇ ನಮ್ಮ ಸಾಹೇಬರು ‘ಭಾವಿಸತಕ್ಕದ್ದು’ ಬೇಡ, ‘ಪರಿಗಣಿಸಬಹುದು’ ಎಂದಿರಲಿ ಎಂದರು. ನನಗೆ ಪೆನ್ಸಿಲನ್ನು ಮುರಿದುಹಾಕಬೇಕೆನ್ನಿಸಿತು. ಆ ಪದದ ಮೇಲೆ ಆ ದಿನ ಪೂರ್ತಿ, ಮರುದಿನ ಮಧ್ಯಾಹ್ನದವರೆಗೆ ನಡೆಯಿತು. ಕೊನೆಗೆ ಅದನ್ನು ತೀರ್ಮಾನಿಸಿದ್ದು ವಿವೇಕವಲ್ಲ, ವಿಮಾನ. ಸಾಂತಾಕ್ರೂಜ್‌ನಿಂದ ಹೊರಡುವ ಅವರ ವಿಮಾನದ ಹೊತ್ತಾಗುತ್ತಾ ಬಂದಿತ್ತು. ಕಾರುಗಳು ಕೆಳಗೆ ಹಾರ್ನ್ ಹಾಕುತ್ತಿದ್ದವು. ‘ಭಾವಿಸತಕ್ಕದ್ದು’ ಉಳಿದುಕೊಂಡಿತು. ರುಜುಗಳು ಬಿದ್ದವು. ರಹದಾರಿ ಪತ್ರದ ಉದ್ದ ಅಗಲ ಮಾತ್ರ ಮುಂದಿನ ವರ್ಷದ ಸಭೆಗೆ ಹೋಯಿತು.

ದ್ವೀಪದ ಪ್ರತಿನಿಧಿ ನುಡಿದಂತೆ ನಡೆದರು. ಕಾರು ಹತ್ತುವ ಮೊದಲೇ ತಂತಿ ಬರೆದುಕೊಟ್ಟರು. ಗುಮಾಸ್ತರು ಅದನ್ನು ಹಿಡಿದು ತಂತಿ ಕಚೇರಿಗೆ ಓಡಿದರು. ಒಂದು ವಾರವಾಯಿತು, ಸುದ್ದಿಯಿಲ್ಲ. ಆಮೇಲೆ ತಿಳಿಯಿತು: ಆ ಬಂದರಿನ ಅಧಿಕಾರಿಗೆ ತಂತಿಯ ಮೇಲೆ ನಂಬಿಕೆಯಿಲ್ಲ, ರುಜು ಇರುವ ಮೂಲಪ್ರತಿಯೇ ಬರಬೇಕಂತೆ. ಮೂಲಪ್ರತಿ ನಾಲ್ಕು ರಾಜಧಾನಿಗಳನ್ನು ಸುತ್ತುತ್ತಿತ್ತು. ನಾವಿಬ್ಬರೂ ಸಾಹೇಬರ ಕೋಣೆಗೆ ಹೋಗಿ ನಿಂತೆವು. ಅವರು ನನ್ನ ಮುಖ ನೋಡಲಿಲ್ಲ; ಆದರೂ ಫೋನು ಎತ್ತಿ ದೆಹಲಿಗೆ ಮಾತಾಡಿದರು, ಮರುದಿನವೂ ಮಾತಾಡಿದರು, ರುಜು ಇರುವ ಒಂದು ಪ್ರತಿಯನ್ನು ಆ ಬಂದರಿಗೆ ವಿಮಾನದ ಅಂಚೆಯಲ್ಲಿ ಹಾಕಿಸಿದರು. ಅದನ್ನು ನಾನು ಮರೆತಿಲ್ಲ. ಅದೇ ವಾರ ನನ್ನನ್ನು ಕೆಳಮಹಡಿಯ ಹಳೆಯ ಕಡತಗಳ ವಿಭಾಗಕ್ಕೆ ವರ್ಗ ಮಾಡಿದವರೂ ಅವರೇ. ಅದನ್ನೂ ಮರೆತಿಲ್ಲ. ಧೂಳಿಗೆ ಮಳೆಗಾಲವಿಡೀ ಸೀನುತ್ತಿದ್ದೆ.

ಮಂಜಿ ಬಿಡುಗಡೆಯಾದದ್ದು ಮೇ ತಿಂಗಳು ಮುಕ್ಕಾಲು ಕಳೆದ ಮೇಲೆ. ಎದುರುಗಾಳಿ. ಮಂಗಳೂರು ಮುಟ್ಟುವುದಾಗಲಿಲ್ಲ. ಕಲ್ಲಿಕೋಟೆಯ ಹತ್ತಿರ ಬೇಪೂರಿಗೆ ಬರುವಷ್ಟರಲ್ಲಿ ಸಮುದ್ರ ಕೆರಳಿತು. ತಂಡೇಲ ಹೆಚ್ಚು ಯೋಚಿಸದೆ ಮಂಜಿಯನ್ನು ಅಲ್ಲಿಯ ಹೊಳೆಯೊಳಗೆ ತಂದು ದಡಕ್ಕೆ ಎಳೆಸಿ, ತೆಂಗಿನಗರಿ ಹೊದಿಸಿ, ಜನರನ್ನು ಕರೆದುಕೊಂಡು ರೈಲಿನಲ್ಲಿ ಊರಿಗೆ ಬಂದ. ಜನ ಉಳಿದರು, ಮಂಜಿ ಉಳಿಯಿತು. ಕೊಬ್ಬರಿ ಮಾತ್ರ ಮಳೆಯ ತೇವಕ್ಕೆ ಬೂಷ್ಟು ಹಿಡಿದು ಹಾಳಾಯಿತು.

ಮಳೆ ನಡುವೆ ಬಿಡುವು ಕೊಟ್ಟಾಗ ತಂಡೇಲರು ಮಗನನ್ನು ನೋಡಲು ಮುಂಬಯಿಗೆ ಬಂದರು. ಬಸ್ಸು ರೈಲು ಬದಲಾಯಿಸುತ್ತಾ ಘಟ್ಟ ಹತ್ತಿ ಬಂದದ್ದು ಅವರಿಗೆ ಸಮುದ್ರಕ್ಕಿಂತ ಕಷ್ಟವಾಗಿತ್ತಂತೆ. ಅತ್ತಿಗೆ ಇಬ್ಬರನ್ನೂ ಭಾನುವಾರ ಊಟಕ್ಕೆ ಕರೆದರು. ಗಿಡ್ಡನೆಯ, ಗಟ್ಟಿ ಮೈಯ ಮುದುಕರು; ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕೂತರು. ನಾನು ತುಂಬ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಅವರ ಪರವಾಗಿ ಹೊರಹಾಕಲು ಸಿದ್ಧವಾಗಿದ್ದೆ.

“ಅಲ್ಲಿ ತುಂಬಾ ಕಷ್ಟ ಆಯ್ತೇನೋ ಅಲ್ವಾ?” ಎಂದೆ.

“ಕಷ್ಟ ಎಂತದ್ದಮ್ಮ?” ಎಂದರು ಅವರು. “ಒಳ್ಳೆ ಜನ ಅವರು. ಕಾವಲಿನ ಪೊಲೀಸ ಒಬ್ಬ ದಿನಾ ಮೀನು ತಂದು ಕೊಡ್ತಿದ್ದ. ಅವನ ಹೆಂಡತಿಗೆ ಹುಷಾರಿರ್ಲಿಲ್ಲ, ನಮ್ಮ ಹುಡುಗರು ಹೋಗಿ ಅವನ ಮನೆಯ ಹಂಚು ಹೊದಿಸಿ ಕೊಟ್ಟು ಬಂದ್ರು.”

“ನಿಮ್ಮನ್ನ ಹಿಡಿದಿಟ್ಟಿದ್ದವನ ಮನೆದಾ?”

“ಹೌದು. ಮಳೆ ಬರ್ತದಲ್ಲ ಅವನಿಗೂ.”

ಗುಮಾಸ್ತರು ಊಟದ ಎಲೆಯ ಮೇಲೆ ಕೈಯಿಟ್ಟು, “ನೋಡಿ, ಹೀಗೆ!” ಎಂದರು ನನ್ನ ಕಡೆ. “ಇಲ್ಲಿ ನಾವು ಸಾಯ್ತಾ ಇದ್ದೆವು. ಇವರು ಅಲ್ಲಿ ಹಂಚು ಹೊದಿಸ್ತಾ ಇದ್ರು.”

“ಮಳೆ ಮುಗಿದ ಮೇಲೆ ಏನ್ಮಾಡ್ತೀರಿ?” ಎಂದು ಅಣ್ಣ ಕೇಳಿದ.

“ಹೋಗುದು. ಅಲ್ಲಿ ಹಂಚಿಗೆ ಒಳ್ಳೆ ಬೇಡಿಕೆ ಉಂಟು. ಆ ಪೊಲೀಸನೇ ತನ್ನ ಭಾವನಿಗೆ ಹೇಳಿ ಇಟ್ಟಿದ್ದಾನೆ.”

“ಅಪ್ಪಾ, ಆ ಪತ್ರ ಇನ್ನೂ ಆಗಲಿಲ್ಲ!” ಮಗನ ಧ್ವನಿ ಏರಿತು. “ಭಾವಿಸುದು ಈ ಸಲಕ್ಕೆ ಮಾತ್ರ. ಮುಂದಿನ ಸಲ ಪುನಃ ಹಿಡೀತಾರೆ.”

“ಹಿಡಿದ್ರೆ ನೀನು ಇದ್ದೀಯಲ್ಲ ಇಲ್ಲಿ. ಈ ಅಮ್ಮನೂ ಇದ್ದಾರೆ,” ಎಂದು ಹೇಳಿ ತಂಡೇಲರು ಇನ್ನಷ್ಟು ಸಾರು ಹಾಕಿಸಿಕೊಂಡರು. ನಾನೀಗ ಹಳೆಯ ಕಡತಗಳಲ್ಲಿದ್ದೇನೆ ಎಂದು ಅವರಿಗೆ ವಿವರಿಸಲು ಹೋಗಲಿಲ್ಲ.

ಸಂಜೆ ಅವರನ್ನು ಸಾಂತಾಕ್ರೂಜ್ ಸ್ಟೇಷನ್‌ವರೆಗೆ ಬಿಟ್ಟುಬರಲು ಹೋದೆ. ಮಳೆ ಹನಿಯುತ್ತಿತ್ತು. ತಂಡೇಲರು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತು ಮೋಡ ನೋಡುತ್ತಿದ್ದರು. ಗುಮಾಸ್ತರು ಅವರಿಗೆ ತುಳುವಿನಲ್ಲಿ ಒಂದೇ ಸಮನೆ ಬೈಯುತ್ತಿದ್ದರು. ನನಗೆ ಅರ್ಥವಾಗದಿದ್ದರೂ ಒಂದೊಂದು ಮಾತಿಗೂ ನನ್ನ ಒಪ್ಪಿಗೆಯಿತ್ತು. ತಂದೆ ಮಧ್ಯೆ ಮಧ್ಯೆ, ಆಗಲಿ ಆಗಲಿ ಎನ್ನುವಂತೆ, ‘ಆವು, ಆವು’ ಎನ್ನುತ್ತಿದ್ದರು. ಲೋಕಲ್ ಬಂತು. ಇಬ್ಬರೂ ಹತ್ತಿದರು. ಗಾಡಿ ಹೊರಟ ಮೇಲೂ ಬಾಗಿಲಲ್ಲಿ ಮಗನ ಕೈ ಗಾಳಿಯಲ್ಲಿ ಆಡುತ್ತಿತ್ತು, ಬೈಗುಳ ಮುಗಿದಿರಲಿಲ್ಲ.